ಗಂಟಿನ ಗಣಿತಕ್ಕೂ ಗುರುತ್ವಕ್ಕೂ ಏನು ನಂಟು?

ಪ್ರಶ್ನೆ: ನಾನು ಯಾದಗಿರಿಯಲ್ಲಿ ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ. ಭೌತಶಾಸ್ತ್ರ ಮತ್ತು ಗಣಿತ ನನ್ನ ವಿಷಯಗಳು. ಕಲಬುರಗಿಯಲ್ಲಿ ಕೇಳಿದ ಒಂದು ಉಪನ್ಯಾಸದಲ್ಲಿ, ಹಗ್ಗದ ಗಂಟುಗಳನ್ನು ವಿಂಗಡಿಸುವ ಗಣಿತವೇ ಕ್ವಾಂಟಮ್ ಗುರುತ್ವದ ಕೀಲಿಕೈ, ನಮ್ಮ ಸುತ್ತಲಿನ ಅವಕಾಶವೇ (ಸ್ಪೇಸ್) ಕುಣಿಕೆಗಳಿಂದ ನೇಯ್ದ ಬಟ್ಟೆ ಎಂದು ಹೇಳಿದರು. ಇದು ಸಿದ್ಧವಾದ ಮಾತೇ? ಗಂಟಿಗೂ ಗುರುತ್ವಕ್ಕೂ ಸಂಬಂಧ ಬಂದದ್ದಾದರೂ ಹೇಗೆ? ಇದನ್ನು ಪ್ರಾಜೆಕ್ಟ್‌ಗೆ ತೆಗೆದುಕೊಳ್ಳಬಹುದೇ?

ಉತ್ತರ: ಗುರುತ್ವವನ್ನೂ ಕ್ವಾಂಟಮ್ ನಿಯಮಗಳಿಗೆ ಒಗ್ಗಿಸುವ ಪ್ರಯತ್ನಕ್ಕೆ ಕ್ವಾಂಟಮ್ ಗುರುತ್ವ ಎನ್ನುತ್ತಾರೆ. ಗಂಟಿಗೂ ಅದಕ್ಕೂ ಸಂಬಂಧ ಇದೆ, ಅದು ಗಟ್ಟಿಯಾಗಿಯೇ ಇದೆ. ಆದರೆ ಎಲ್ಲಿ ಗಟ್ಟಿ, ಎಲ್ಲಿ ಇನ್ನೂ ನಿರೀಕ್ಷೆ ಎಂಬ ಗೆರೆ ಎಳೆಯದೆ ಮಾತಾಡಿದರೆ ಕೇಳುವವರಿಗೆ ಅನ್ಯಾಯವಾಗುತ್ತದೆ. ಉದ್ದ, ಅಗಲ, ಕಾಲ ಎಂಬ ಮೂರೇ ಆಯಾಮಗಳಿರುವ ಕಾಲ್ಪನಿಕ ಜಗತ್ತಿನಲ್ಲಿ ಗಂಟಿನ ಗಣಿತ ಮತ್ತು ಗುರುತ್ವ ಹತ್ತಿರದ ಬಂಧುಗಳು. ನಾವು ಬದುಕುತ್ತಿರುವ ನಾಲ್ಕು ಆಯಾಮಗಳ ಜಗತ್ತಿನಲ್ಲಿ ಆ ಬಂಧುತ್ವದ ಒಂದು ಭಾಗ ಮಾತ್ರ ಉಳಿಯುತ್ತದೆ, ಮತ್ತು ಉಳಿಯದ ಭಾಗವೇ ಭೌತಶಾಸ್ತ್ರದ ದೃಷ್ಟಿಯಿಂದ ಮುಖ್ಯವಾದದ್ದು. ನೀವು ಕೇಳಿದ ಉಪನ್ಯಾಸದಲ್ಲಿ ಇವೆರಡೂ ಒಂದೇ ಉಸಿರಿನಲ್ಲಿ ಬಂದಿರಬೇಕು. ಜನಪ್ರಿಯ ಬರಹಗಳಲ್ಲೂ ಪದೇ ಪದೇ ಹೀಗೆಯೇ ಆಗುತ್ತದೆ.

ಮೊದಲು ಗಂಟಿಗೆ ಬರೋಣ. ನಮ್ಮ ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ಚೀಲದ ಬಾಯಿ ಹೊಲಿಯುವ ಸುತಳಿ ಯಾದಗಿರಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಒಂದು ಮೀಟರ್ ತೆಗೆದುಕೊಂಡು ಒಂದೇ ಒಂದು ಸಾದಾ ಗಂಟು ಹಾಕಿ, ಬಿಗಿಯದೆ ಸಡಿಲವಾಗಿ ಬಿಟ್ಟು, ಎರಡು ತುದಿಗಳನ್ನು ಟೇಪಿನಿಂದ ಅಂಟಿಸಿ. ತುದಿಗಳನ್ನು ಕೂಡಿಸಿದ್ದರಿಂದ ಈಗ ಗಂಟು ಜಾರಿ ಹೋಗುವ ದಾರಿ ಮುಚ್ಚಿತು. ಮೇಜಿನ ಮೇಲೆ ಹರಡಿದರೆ ಎಳೆಯೊಂದು ಇನ್ನೊಂದರ ಮೇಲೆ ಹಾಯುವ ಮೂರು ಜಾಗಗಳು ಕಾಣುತ್ತವೆ. ಅವುಗಳನ್ನು ದಾಟುಗಳು ಎನ್ನೋಣ. ಗಣಿತಜ್ಞರು ಇದನ್ನು ಟ್ರೆಫಾಯಿಲ್ ಎನ್ನುತ್ತಾರೆ. ಇದನ್ನು ಕತ್ತರಿಸದೆ ಎಳೆದಾಡಿ ಸಾದಾ ಬಳೆಯ ಆಕಾರಕ್ಕೆ ತರಬಹುದೇ? ಪ್ರಯತ್ನಿಸಿ ನೋಡಿ, ಆಗುವುದಿಲ್ಲ. ಆದರೆ ನಿಮ್ಮಿಂದ ಆಗಲಿಲ್ಲ ಎಂಬುದು ಗಣಿತದ ಸಾಧನೆ, ಅಂದರೆ ಪುರಾವೆ, ಅಲ್ಲ. ಯಾರಿಂದಲೂ, ಎಷ್ಟು ಹೊತ್ತು ಕುಳಿತರೂ ಆಗದು ಎಂದು ತೋರಿಸಬೇಕು. ಗಂಟು ಸಿದ್ಧಾಂತ ಶುರುವಾಗುವುದೇ ಇಲ್ಲಿಂದ.

ಹೀಗೆ ತೋರಿಸಬಹುದು. ಸುತಳಿಯ ಚಿತ್ರವನ್ನು ಕಾಗದದ ಮೇಲೆ ಬರೆಯಿರಿ. ಕೆಳಗೆ ಹಾಯುವ ಎಳೆಯನ್ನು ದಾಟಿನ ಬಳಿ ತುಸು ಕಡಿದು ತೋರಿಸಿ. ಟ್ರೆಫಾಯಿಲ್‌ನ ಚಿತ್ರ ಮೂರು ತುಂಡುಗಳಾಗುತ್ತದೆ. ಕೆಂಪು, ಹಸಿರು, ನೀಲಿ ಬಣ್ಣ ತೆಗೆದುಕೊಂಡು ಪ್ರತಿ ತುಂಡಿಗೂ ಒಂದು ಬಣ್ಣ ಹಚ್ಚಿ. ನಿಯಮ ಒಂದೇ: ಪ್ರತಿ ದಾಟಿನಲ್ಲಿ ಸೇರುವ ಮೂರು ತುಂಡುಗಳ ಬಣ್ಣ ಒಂದೇ ಆಗಿರಬೇಕು, ಇಲ್ಲವೇ ಮೂರೂ ಬೇರೆ ಬೇರೆಯಾಗಿರಬೇಕು, ಎರಡು ಒಂದು ಬಣ್ಣ, ಮೂರನೆಯದು ಇನ್ನೊಂದು ಎಂಬುದು ಸಲ್ಲದು. ಟ್ರೆಫಾಯಿಲ್‌ಗೆ ಮೂರೂ ಬಣ್ಣ ಬಳಸಿ ಈ ನಿಯಮ ಪಾಲಿಸಬಹುದು. ಇನ್ನು ಸುತಳಿಯನ್ನು ಹೇಗೇ ಎಳೆದಾಡಿದರೂ ಚಿತ್ರದಲ್ಲಿ ಆಗುವ ಬದಲಾವಣೆಗಳು ಮೂರೇ ಬಗೆಯ ಚಲನೆಗಳ ಸರಣಿ ಎಂದು 1920ರ ದಶಕದಲ್ಲಿ ರೈಡೆಮೈಸ್ಟರ್ ತೋರಿಸಿದರು: ಒಂದು ಎಳೆಯಲ್ಲಿ ತಿರುಚು ಹಾಕುವುದು ಅಥವಾ ತೆಗೆಯುವುದು, ಒಂದು ಎಳೆಯನ್ನು ಇನ್ನೊಂದರ ಮೇಲೆ ಸರಿಸುವುದು ಅಥವಾ ಹಿಂದೆಗೆಯುವುದು, ಒಂದು ದಾಟಿನ ಆಚೆಗೆ ಮೂರನೆಯ ಎಳೆಯನ್ನು ಜರುಗಿಸುವುದು. ಈ ಮೂರರಲ್ಲಿ ಯಾವುದನ್ನು ಮಾಡಿದರೂ ಒಂದಕ್ಕಿಂತ ಹೆಚ್ಚು ಬಣ್ಣ ಬಳಸಿ ಹಚ್ಚಬಲ್ಲ ಗುಣ ಕೆಡುವುದಿಲ್ಲ. ಇದನ್ನು ಅರ್ಧ ಗಂಟೆಯಲ್ಲಿ ನೀವೇ ಬರೆದು ಪರೀಕ್ಷಿಸಬಹುದು. ಸಾದಾ ಬಳೆಯಲ್ಲಿ ಇರುವುದು ಒಂದೇ ತುಂಡು, ಆದ್ದರಿಂದ ಒಂದೇ ಬಣ್ಣ. ಹಾಗಾಗಿ ಟ್ರೆಫಾಯಿಲ್ ಎಂದೂ ಬಳೆಯಾಗಲಾರದು. ಸಾಧನೆ ಮುಗಿಯಿತು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಮುಂದೆ ಬರುವ ಎಲ್ಲ ದೊಡ್ಡ ಹೆಸರುಗಳೂ ಮಾಡಿದ್ದು ಇದೇ ಕೆಲಸವನ್ನು: ಎಳೆದಾಡಿದರೂ ಬದಲಾಗದ ಒಂದು ಗುರುತನ್ನು ಗಂಟಿಗೆ ಕಟ್ಟುವುದು. ಮೂರು ಬಣ್ಣದ ಗುರುತು ತೀರ ದುರ್ಬಲ. ನಾಲ್ಕು ದಾಟುಗಳಿರುವ, ಎಂಟರ ಆಕಾರದ ಗಂಟನ್ನು ಅದು ಸಾದಾ ಬಳೆಯಿಂದ ಬೇರ್ಪಡಿಸಲಾರದು. ಎಡಗೈ ಟ್ರೆಫಾಯಿಲ್‌ಗೂ ಕನ್ನಡಿಯಲ್ಲಿ ಕಾಣುವ ಬಲಗೈ ಟ್ರೆಫಾಯಿಲ್‌ಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದೇ ಇಲ್ಲ.

ಗಂಟುಗಳ ಪಟ್ಟಿ ಮಾಡುವ ಕೆಲಸ ಶುರುವಾದದ್ದು ಭೌತಶಾಸ್ತ್ರದ ಒಂದು ತಪ್ಪು ಊಹೆಯಿಂದ. 1867ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ತಮ್ಮ ಗೆಳೆಯ ಟೇಟ್ ಅವರ ಹೊಗೆಯುಂಗುರಗಳ ಪ್ರಯೋಗ ಕಂಡು, ಪರಮಾಣುಗಳು ಅವಕಾಶವನ್ನೆಲ್ಲ ತುಂಬಿದೆ ಎಂದು ಆಗ ನಂಬಿದ್ದ ಈಥರ್‌ನಲ್ಲಿ ಸುತ್ತುವ ಗಂಟು ಬಿದ್ದ ಸುಳಿಗಳು ಎಂದರು. ಒಂದೊಂದು ಬಗೆಯ ಗಂಟಿಗೆ ಒಂದೊಂದು ಧಾತು. ಟೇಟ್ ಗಂಟುಗಳನ್ನು ಪಟ್ಟಿ ಮಾಡುತ್ತ ಕುಳಿತರು. ಈಥರ್ ಹೋಯಿತು, ಸುಳಿ ಪರಮಾಣುವೂ ಹೋಯಿತು, ಪಟ್ಟಿ ಮಾತ್ರ ಉಳಿಯಿತು. ಕನ್ನಡಿ ಪ್ರತಿಬಿಂಬಗಳನ್ನು ಒಂದೇ ಎಂದು ಎಣಿಸಿದರೆ, ಬಿಡಿಸಿ ಎರಡು ಚಿಕ್ಕ ಗಂಟುಗಳಾಗಿ ಮಾಡಲಾಗದ ಗಂಟುಗಳು ಏಳು ದಾಟುಗಳಿಗೆ ಏಳು, ಎಂಟಕ್ಕೆ 21, ಒಂಬತ್ತಕ್ಕೆ 49, ಹತ್ತಕ್ಕೆ 165. ಹತ್ತರ ಪಟ್ಟಿಯಲ್ಲಿ ಬೇರೆ ಬೇರೆ ಎಂದು ಅಚ್ಚಾಗುತ್ತ ಬಂದ ಎರಡು ಗಂಟುಗಳು ವಾಸ್ತವದಲ್ಲಿ ಒಂದೇ ಎಂಬುದು 1970ರ ದಶಕದಲ್ಲಿ ಪರ್ಕೋ ತೋರಿಸುವವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಲ್ವಿನ್ ಕಥೆಯನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಗಣಿತ ಚೆಂದವಾಗಿದ್ದ ಮಾತ್ರಕ್ಕೆ ನಿಸರ್ಗ ಅದಕ್ಕೆ ಬದ್ಧವಾಗುವುದಿಲ್ಲ. ಈ ಎಚ್ಚರ ಕ್ವಾಂಟಮ್ ಗುರುತ್ವದ ಮಾತಿಗೆ ಬಂದಾಗ ಬಹಳ ಬೇಕು.

1984ರಲ್ಲಿ ದೊಡ್ಡ ತಿರುವು ಬಂತು. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ವಾನ್ ಜೋನ್ಸ್ ಕೆಲಸ ಮಾಡುತ್ತಿದ್ದದ್ದು ಗಂಟುಗಳ ಮೇಲಲ್ಲ, ಕ್ವಾಂಟಮ್ ಯಂತ್ರಶಾಸ್ತ್ರದ ತಳಹದಿಗೆ ಹತ್ತಿರವಾದ ವಾನ್ ನಾಯ್ಮನ್ ಬೀಜಗಣಿತಗಳ ಮೇಲೆ. ಅಲ್ಲಿ ಸಿಕ್ಕ ಸಮೀಕರಣಗಳು ಜಡೆ ಹೆಣೆಯುವ ನಿಯಮಗಳಂತೆಯೇ ಇವೆ ಎಂಬುದು ಗೊತ್ತಾಗಿ, ನ್ಯೂಯಾರ್ಕ್‌ನಲ್ಲಿ ಜೋನ್ ಬರ್ಮನ್ ಅವರೊಂದಿಗೆ ಚರ್ಚಿಸಿದ ಮೇಲೆ ಹೊರಬಿದ್ದದ್ದು ಜೋನ್ಸ್ ಬಹುಪದೋಕ್ತಿ. ಪ್ರತಿ ಗಂಟಿಗೂ ಟಿ ಎಂಬ ಚರಾಕ್ಷರದ ಒಂದು ಬಹುಪದೋಕ್ತಿ ಅಂಟಿಕೊಳ್ಳುತ್ತದೆ. ಋಣ ಘಾತಗಳೂ ಬರಬಹುದು. ಸಾದಾ ಬಳೆಗೆ 1. ಒಂದು ಕೈಯ ಟ್ರೆಫಾಯಿಲ್‌ಗೆ

ಟಿ + ಟಿ³ − ಟಿ⁴

ಅದರ ಕನ್ನಡಿ ರೂಪಕ್ಕೆ ಟಿ ಇದ್ದಲ್ಲೆಲ್ಲ 1/ಟಿ ಹಾಕಬೇಕು. ಎರಡೂ ಬೇರೆ. ಅದುವರೆಗೆ ಬಳಕೆಯಲ್ಲಿದ್ದ, 1928ರಲ್ಲಿ ಪ್ರಕಟವಾದ ಅಲೆಕ್ಸಾಂಡರ್ ಬಹುಪದೋಕ್ತಿಗೆ ಎಡ-ಬಲ ತಿಳಿಯುತ್ತಿರಲಿಲ್ಲ, ಇದಕ್ಕೆ ತಿಳಿಯಿತು. ಎಂಟರ ಗಂಟಿಗೆ

ಟಿ² − ಟಿ + 1 − ಟಿ⁻¹ + ಟಿ⁻²

ಇದರಲ್ಲಿ ಟಿ ಬದಲು 1/ಟಿ ಹಾಕಿ ನೋಡಿ, ಏನೂ ಬದಲಾಗುವುದಿಲ್ಲ. ಎಂಟರ ಗಂಟು ತನ್ನ ಪ್ರತಿಬಿಂಬಕ್ಕೆ ಸಮ. ಸುತಳಿಯಲ್ಲಿ ತಾಳ್ಮೆಯಿಂದ ತಿರುಗಿಸಿ ಇದನ್ನು ಕಣ್ಣಾರೆ ಕಾಣಬಹುದು.

ಸಿಕ್ಕಿತು ಸರಿ, ಆದರೆ ಇದರ ಅರ್ಥವೇನು? ಜೋನ್ಸ್ ಬಹುಪದೋಕ್ತಿಯನ್ನು ಲೆಕ್ಕ ಹಾಕುವುದು ಕಾಗದದ ಮೇಲಿನ ಚಿತ್ರದಿಂದ, ಒಂದೊಂದು ದಾಟನ್ನೂ ತಿರುಗಿಸಿ, ಬಿಡಿಸಿ. ಗಂಟು ಇರುವುದೋ ಮೂರು ಆಯಾಮದ ಅವಕಾಶದಲ್ಲಿ. ಚಿತ್ರದ ಹಂಗಿಲ್ಲದೆ, ಆ ಅವಕಾಶದಲ್ಲೇ ನಿಂತು ಇದನ್ನು ವ್ಯಾಖ್ಯಾನಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಗಣಿತಜ್ಞ ಮೈಕೆಲ್ ಅತಿಯಾ ಭೌತಶಾಸ್ತ್ರಜ್ಞರ ಮುಂದಿಟ್ಟರು. ಭೌತಶಾಸ್ತ್ರಜ್ಞ ಎಡ್ವರ್ಡ್ ವಿಟ್ಟನ್ ಕಂಡುಕೊಂಡ ಉತ್ತರ 1989ರಲ್ಲಿ ಪ್ರಕಟವಾಯಿತು. 1990ರಲ್ಲಿ ಕ್ಯೋಟೋದಲ್ಲಿ ಜೋನ್ಸ್ ಮತ್ತು ವಿಟ್ಟನ್ ಇಬ್ಬರಿಗೂ ಫೀಲ್ಡ್ಸ್ ಪದಕ ಸಂದಿತು.

ವಿಟ್ಟನ್ ತೆಗೆದುಕೊಂಡದ್ದು ಚೆರ್ನ್ ಮತ್ತು ಸೈಮನ್ಸ್ 1974ರಲ್ಲಿ ಬರೆದ ಒಂದು ಜ್ಯಾಮಿತೀಯ ರಾಶಿಯನ್ನು. ವಿದ್ಯುತ್ಕಾಂತ ಕ್ಷೇತ್ರದ ಶಕ್ತಿ ಬರೆಯಬೇಕಾದರೆ ದೂರ ಅಳೆಯುವ ಕೋಲು ಬೇಕು; ಎರಡು ಬಿಂದುಗಳ ನಡುವೆ ಎಷ್ಟು ಅಂತರ, ಎರಡು ಗೆರೆಗಳ ನಡುವೆ ಎಷ್ಟು ಕೋನ ಎಂಬುದು ತಿಳಿದಿರಬೇಕು. ಚೆರ್ನ್-ಸೈಮನ್ಸ್ ರಾಶಿಗೆ ಇದಾವುದೂ ಬೇಕಿಲ್ಲ. ಮೂರು ಆಯಾಮದ ಅವಕಾಶವನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಚಿ, ಅದರ ಬೆಲೆ ಹಾಗೆಯೇ ಇರುತ್ತದೆ. ಅಳತೆಗೋಲೇ ಇಲ್ಲದ ಸಿದ್ಧಾಂತದಲ್ಲಿ ಒಂದು ಮುಚ್ಚಿದ ಕುಣಿಕೆ ಇಟ್ಟು ಅದರ ಕ್ವಾಂಟಮ್ ಸರಾಸರಿ ಕೇಳಿದರೆ, ಬರುವ ಉತ್ತರ ಕುಣಿಕೆಯ ಉದ್ದವನ್ನಾಗಲಿ ಆಕಾರವನ್ನಾಗಲಿ ಅವಲಂಬಿಸಲು ಸಾಧ್ಯವೇ ಇಲ್ಲ. ಹಾಗಾದರೆ ಅವಲಂಬಿಸಲು ಉಳಿದದ್ದೇನು? ಗಂಟು ಮಾತ್ರ. ಕುಣಿಕೆಗೆ ಸಣ್ಣದೊಂದು ಚೌಕಟ್ಟು ಬೇಕು ಎಂಬ ತಾಂತ್ರಿಕ ವಿವರ ಇಲ್ಲಿ ಬಿಡೋಣ. ಈ ವಾದದ ಸರಳತೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಈ ಸಿದ್ಧಾಂತದಲ್ಲಿ ಕೆ ಎಂಬ ಪೂರ್ಣಾಂಕವೊಂದಿದೆ. ಅದು ದೊಡ್ಡದಾದಷ್ಟೂ ಕ್ವಾಂಟಮ್ ಪರಿಣಾಮ ಸಣ್ಣದು. ಕಣದ ಸ್ವಂತ ತಿರುಗುವಿಕೆಯಂಥ ಗುಣವಾದ, ಎರಡು ಅವಸ್ಥೆಗಳ ಸ್ಪಿನ್‌ಗೆ ಸಂಬಂಧಿಸಿದ ಸಮೂಹವನ್ನು (ಗ್ರೂಪ್) ಆರಿಸಿಕೊಂಡರೆ ಬರುವುದು ಜೋನ್ಸ್ ಬಹುಪದೋಕ್ತಿಯೇ, ಆದರೆ ಟಿ ಇನ್ನು ಬಿಡಿ ಅಕ್ಷರವಲ್ಲ: ಏಕಮಾನ ವೃತ್ತದ ಪೂರ್ಣ ಸುತ್ತನ್ನು ಕೆ + 2 ಸಮಪಾಲು ಮಾಡಿ ಮೊದಲ ಪಾಲಿನ ಕೊನೆಗೆ ನಿಲ್ಲುವ ಸಂಮಿಶ್ರ ಸಂಖ್ಯೆ. ಇದನ್ನು ನೀವೇ ಲೆಕ್ಕ ಮಾಡಬಹುದು. ಕೆ = 1 ಇದ್ದರೆ ಟಿ ಮೂರನೇ ಒಂದು ಸುತ್ತು, ಅಂದರೆ ಟಿ³ = 1. ಟ್ರೆಫಾಯಿಲ್‌ನ ಟಿ + ಟಿ³ − ಟಿ⁴ ಈಗ ಟಿ + 1 − ಟಿ, ಅಂದರೆ 1. ಎಂಟರ ಗಂಟಿಗೂ 1. ಯಾವ ಗಂಟಿಗೆ ಹಾಕಿದರೂ 1; ಆ ಮಟ್ಟದಲ್ಲಿ ಸಿದ್ಧಾಂತಕ್ಕೆ ಗಂಟುಗಳೇ ಕಾಣುವುದಿಲ್ಲ. ಕೆ = 2 ಆದಾಗ ಟಿ ಕಾಲು ಸುತ್ತು, ಟಿ² = −1. ಟ್ರೆಫಾಯಿಲ್ ಈಗ −1 ಕೊಡುತ್ತದೆ, ಎಂಟರ ಗಂಟೂ −1 ಕೊಡುತ್ತದೆ. ಇವು ಬಳೆಯಲ್ಲ ಎಂದು ಗೊತ್ತಾಯಿತು, ಆದರೆ ಒಂದರಿಂದ ಇನ್ನೊಂದು ಬೇರೆಯಾಗಲಿಲ್ಲ. ಕೆ = 3ಕ್ಕೆ ಬಂದರೆ ಟ್ರೆಫಾಯಿಲ್‌ನ ಬೆಲೆಗೆ ಕಾಲ್ಪನಿಕ ಭಾಗ ಬರುತ್ತದೆ, ಎಡ ಬಲ ಬೇರೆಯಾಗುತ್ತವೆ; ಎಂಟರ ಗಂಟಿನ ಬೆಲೆ ವಾಸ್ತವ ಸಂಖ್ಯೆಯಾಗಿಯೇ ಉಳಿಯುತ್ತದೆ. ಪ್ರಾಜೆಕ್ಟ್ ಎಂದಿರಲ್ಲ, ಈ ಪುಟ್ಟ ಲೆಕ್ಕ ಅದರ ಮೊದಲ ಅಧ್ಯಾಯವಾಗಬಹುದು.

ನಮ್ಮ ದೇಶದ ಕೊಡುಗೆಯನ್ನೂ ಹೇಳಲೇಬೇಕು. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯಲ್ಲಿ ಆರ್. ಕೆ. ಕೌಲ್, ಟಿ. ಆರ್. ಗೋವಿಂದರಾಜನ್ ಮತ್ತು ಪಿ. ರಮಾದೇವಿ 1990ರ ದಶಕದಲ್ಲಿ ಚೆರ್ನ್-ಸೈಮನ್ಸ್ ಸಿದ್ಧಾಂತದಿಂದ ಗಂಟುಗಳ ಗುರುತನ್ನು ನೇರವಾಗಿ ಲೆಕ್ಕ ಹಾಕುವ ದಾರಿ ಕಟ್ಟಿದರು. ಒಂಬತ್ತು ದಾಟುಗಳ ಪಟ್ಟಿಯಲ್ಲಿ 42ನೆಯ ಗಂಟು ತನ್ನ ಪ್ರತಿಬಿಂಬದಿಂದ ಬೇರೆಯಾದರೂ ಜೋನ್ಸ್ ಬಹುಪದೋಕ್ತಿಗೆ ಆ ಭೇದ ತಿಳಿಯುವುದಿಲ್ಲ. ಕುಣಿಕೆಯ ಮೇಲೆ ಸ್ಪಿನ್ ½ರ ಬದಲು 3/2 ಇಟ್ಟರೆ ತಿಳಿಯುತ್ತದೆ ಎಂದು ಇವರು ತೋರಿಸಿದರು.

ಇನ್ನು ಟೋಪಲಾಜಿಕಲ್ ಕ್ವಾಂಟಮ್ ಕ್ಷೇತ್ರ ಸಿದ್ಧಾಂತ ಎಂಬ ಉದ್ದ ಹೆಸರು. ಹಿಗ್ಗಿಸಿ ತಿರುಚಿದರೂ ಬದಲಾಗದ ಗುಣಗಳ ಗಣಿತವೇ ಟೋಪಾಲಜಿ. ಅಳತೆಗೋಲಿಲ್ಲದ ಇಂಥ ಸಿದ್ಧಾಂತಗಳೆಲ್ಲ ಪಾಲಿಸುವ ನಿಯಮಗಳನ್ನು ಅತಿಯಾ 1988ರಲ್ಲಿ ಬರೆದಿಟ್ಟರು. ಪ್ರತಿ ಮೇಲ್ಮೈಗೆ ಒಂದು ವೆಕ್ಟರ್ ಸ್ಪೇಸ್ ಕೊಡಿ. ಒಂದು ಮೇಲ್ಮೈಯಿಂದ ಇನ್ನೊಂದು ಮೇಲ್ಮೈಗೆ ಹೋಗುವ ಮೂರು ಆಯಾಮದ ಅವಕಾಶಕ್ಕೆ ಒಂದು ಮ್ಯಾಟ್ರಿಕ್ಸ್ ಕೊಡಿ. ಎರಡು ಅವಕಾಶಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಮ್ಯಾಟ್ರಿಕ್ಸ್‌ಗಳನ್ನು ಗುಣಿಸಿ. ಹೆಚ್ಚುಕಡಿಮೆ ಇಷ್ಟೇ. ಇದರಿಂದ ಒಂದು ಗಂಭೀರ ಪರಿಣಾಮ ಹುಟ್ಟುತ್ತದೆ. ಮೇಲ್ಮೈ ಹಾಗೆಯೇ ಇದ್ದು ಕಾಲ ಮಾತ್ರ ಸರಿದರೆ ಸಿಗುವುದು ಒಂದು ಕೊಳವೆ. ಎರಡು ಕೊಳವೆ ಕೂಡಿಸಿದರೂ ಅದು ಕೊಳವೆಯೇ. ಆದ್ದರಿಂದ ಕೊಳವೆಯ ಮ್ಯಾಟ್ರಿಕ್ಸ್ ತತ್ಸಮ ಮ್ಯಾಟ್ರಿಕ್ಸ್: ಕಾಲ ಸರಿಯಿತು, ಏನೂ ಆಗಲಿಲ್ಲ. ಶಕ್ತಿಯ ಕಾರಕ (ಆಪರೇಟರ್) ಸೊನ್ನೆ. ಈ ಜಗತ್ತಿನಲ್ಲಿ ಅಲೆಗಳು ಏಳುವುದಿಲ್ಲ, ಬೆಳಕು ಹರಿಯುವುದಿಲ್ಲ. ಮೇಲ್ಮೈ ಹರಿದರೆ, ಕೂಡಿದರೆ, ರಂಧ್ರ ಬಿದ್ದರೆ, ಎಳೆಗಳು ಒಂದನ್ನೊಂದು ಸುತ್ತಿದರೆ ಮಾತ್ರ ಘಟನೆ.

ಗುರುತ್ವ ಒಳಗೆ ಬರುವುದು ಈ ಬಾಗಿಲಿನಿಂದ. ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತೆಯಲ್ಲೂ ಹೊರಗಿನಿಂದ ತಂದ ಅಳತೆಗೋಲಿಲ್ಲ. ಅಳತೆಗೋಲೇ ಅಲ್ಲಿನ ಕ್ಷೇತ್ರ. ಅಲ್ಲಿಯೂ ಮುಚ್ಚಿದ ವಿಶ್ವಕ್ಕೆ ಒಟ್ಟು ಶಕ್ತಿಯ ಕಾರಕ ಸೊನ್ನೆ ಎಂಬ ನಿರ್ಬಂಧ ಬರುತ್ತದೆ. ಇಷ್ಟು ಹೋಲಿಕೆ ಸಾಕೇ? ಸಾಲದು. ಅದನ್ನು ಅಳೆಯಲು ಒಂದು ಎಣಿಕೆ ಇದೆ, ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಅವಕಾಶ-ಕಾಲದ ವಕ್ರತೆಯನ್ನು ಹೇಳಲು ಬೇಕಾದ ಸ್ವತಂತ್ರ ಸಂಖ್ಯೆಗಳು ಮೂರು ಆಯಾಮದಲ್ಲಿ ಆರು. ಐನ್‌ಸ್ಟೈನ್ ಸಮೀಕರಣ, ದ್ರವ್ಯ ಎಲ್ಲಿದೆ ಎಂಬುದರಿಂದ ನಿರ್ಧರಿಸುವುದೂ ಆರು. ಲೆಕ್ಕ ಚುಕ್ತಾ ಆಯಿತು. ದ್ರವ್ಯವಿಲ್ಲದ ಕಡೆ ವಕ್ರತೆಗೆ ಯಾವ ಸ್ವಾತಂತ್ರ್ಯವೂ ಇಲ್ಲ, ಅಲೆಯಾಗಿ ಹರಡುವ ಮಾತೇ ಇಲ್ಲ. ನಾಲ್ಕು ಆಯಾಮದಲ್ಲಿ ವಕ್ರತೆಗೆ ಇಪ್ಪತ್ತು ಸಂಖ್ಯೆಗಳು ಬೇಕು, ಸಮೀಕರಣ ಕಟ್ಟಿಹಾಕುವುದು ಹತ್ತನ್ನು. ಉಳಿದ ಹತ್ತು ಖಾಲಿ ಜಾಗದಲ್ಲೂ ಜೀವಂತವಾಗಿರುತ್ತವೆ. ಭೂಮಿಯನ್ನು ಸೂರ್ಯನ ಸುತ್ತ ಹಿಡಿದಿಡುವ ವಕ್ರತೆ, ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಹೊಮ್ಮುವ ಗುರುತ್ವ ಅಲೆ, ಎರಡೂ ಈ ಹತ್ತರ ಲೆಕ್ಕಕ್ಕೇ ಸೇರಿದವು.

ಮೂರು ಆಯಾಮದಲ್ಲಿ ಗುರುತ್ವ ನಿಜಕ್ಕೂ ಟೋಪಾಲಜಿಗೆ ಸೇರಿದ ವಿಷಯ. ಒಂದು ಕಣ ಅಲ್ಲಿ ತನ್ನ ಸುತ್ತಲಿನ ಅವಕಾಶದಿಂದ ಒಂದು ಕೋನವನ್ನು ಕತ್ತರಿಸಿ ತೆಗೆದು ಅಂಚು ಕೂಡಿಸಿದಂತೆ ಮಾಡುತ್ತದೆ, ಅಷ್ಟೇ. ದೂರದ ಕಣವನ್ನು ಸೆಳೆಯುವುದಿಲ್ಲ. ಆದರೆ ಇನ್ನೊಂದು ಕಣ ಇದನ್ನು ಸುತ್ತಿ ಬಂದರೆ ಅದರ ದಿಕ್ಕು ಬದಲಾಗಿರುತ್ತದೆ. ಯಾರು ಯಾರನ್ನು ಎಷ್ಟು ಸಲ ಸುತ್ತಿದರು ಎಂಬುದಷ್ಟೇ ಮುಖ್ಯ. ಕಣಗಳು ಅವಕಾಶ-ಕಾಲದಲ್ಲಿ ಎಳೆಯುವ ಗೆರೆಗಳು ಹೆಣೆದುಕೊಂಡರೆ ಅದು ಜಡೆಯ, ಗಂಟಿನ ಗಣಿತವೇ. ಮೂರು ಆಯಾಮದ ಗುರುತ್ವವನ್ನು ಚೆರ್ನ್-ಸೈಮನ್ಸ್ ಸಿದ್ಧಾಂತದ ರೂಪದಲ್ಲೇ ಬರೆಯಬಹುದು ಎಂದು 1986ರಲ್ಲಿ ಅಚೂಕರೋ ಮತ್ತು ಟೌನ್ಸೆಂಡ್, 1988ರಲ್ಲಿ ವಿಟ್ಟನ್ ತೋರಿಸಿದರು. ಅದಕ್ಕೂ ಮುಂಚೆ, 1968ರಲ್ಲೇ, ಪೊಂಜಾನೋ ಮತ್ತು ರೆಜ್ಜೆ ಅವಕಾಶವನ್ನು ಚತುರ್ಮುಖಿಗಳಾಗಿ ಕತ್ತರಿಸಿ, ಪ್ರತಿ ಅಂಚಿಗೂ ಒಂದು ಸ್ಪಿನ್ ಕೊಟ್ಟು ಈ ಗುರುತ್ವದ ಕ್ವಾಂಟಮ್ ಲೆಕ್ಕ ಮಾಡಿದ್ದರು. 1992ರಲ್ಲಿ ತುರಾಯೆವ್ ಮತ್ತು ವಿರೋ ಕೊಟ್ಟ ಸೂತ್ರ ಅದನ್ನೇ ಗಣಿತದ ದೃಷ್ಟಿಯಿಂದ ದೋಷವಿಲ್ಲದಂತೆ ಮಾಡಿತು. ಮೂರು ಆಯಾಮದಲ್ಲೂ ಎಲ್ಲವೂ ಮುಗಿದಿಲ್ಲ. ಅಳತೆಯೇ ಸೊನ್ನೆಯಾಗುವ ಸ್ಥಿತಿಗಳನ್ನು ಚೆರ್ನ್-ಸೈಮನ್ಸ್ ಒಪ್ಪುತ್ತದೆ, ಗುರುತ್ವ ಒಪ್ಪಬೇಕೇ ಎಂಬ ಚರ್ಚೆ ನಡೆದೇ ಇದೆ. ವಿಟ್ಟನ್ ಸ್ವತಃ 2007ರಲ್ಲಿ ಎರಡೂ ಪೂರ್ತಿ ಒಂದೇ ಎನ್ನುವುದಕ್ಕೆ ಹಿಂಜರಿದರು.

ನಾಲ್ಕು ಆಯಾಮಕ್ಕೆ ಬಂದರೆ ಆ ಹತ್ತು ಸಂಖ್ಯೆಗಳು ಎದುರು ನಿಲ್ಲುತ್ತವೆ. ಬೀದರ್‌ನಿಂದ ಉತ್ತರಕ್ಕೆ ಹೊರಟು ನಾಂದೇಡ್ ದಾಟಿದರೆ ಸಿಗುವ ಹಿಂಗೋಲಿ ಜಿಲ್ಲೆಯ ಔಂಢಾದ ಬಳಿ, ಗುರುತ್ವ ಅಲೆಗಳನ್ನು ಹಿಡಿಯುವ ಲೈಗೋ-ಇಂಡಿಯಾ ವೀಕ್ಷಣಾಲಯಕ್ಕೆ ಜಾಗ ಗೊತ್ತಾಗಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅಮೆರಿಕದ ಲೈಗೋ 2015ರ ಸೆಪ್ಟೆಂಬರ್ 14ರಂದು ಹಿಡಿದ, ಔಂಢಾದ ಉಪಕರಣವೂ ಹಿಡಿಯಬೇಕಾದ ಕಂಪನ ಬರುವುದು ಆ ಉಳಿದ ಹತ್ತರಿಂದಲೇ. ಶುದ್ಧ ಟೋಪಲಾಜಿಕಲ್ ಸಿದ್ಧಾಂತದಲ್ಲಿ ಆ ಉಪಕರಣಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಗಂಟಿನ ಗಣಿತವೇ ಕ್ವಾಂಟಮ್ ಗುರುತ್ವದ ಕೀಲಿಕೈ ಎಂಬ ಮಾತನ್ನು ನಾನು ಒಪ್ಪದಿರುವುದು ಇದರಿಂದ.

ಹಾಗಾದರೆ ಉಪನ್ಯಾಸಕಾರರು ಹೇಳಿದ ಬಟ್ಟೆ ಎಲ್ಲಿಂದ ಬಂತು? 1986ರಲ್ಲಿ ಅಭಯ್ ಅಶ್ತೇಕರ್ ಐನ್‌ಸ್ಟೈನ್ ಸಮೀಕರಣಗಳನ್ನು ಹೊಸ ಚರಾಕ್ಷರಗಳಲ್ಲಿ ಬರೆದರು. ಅವರು ಹುಟ್ಟಿದ್ದು ಮಹಾರಾಷ್ಟ್ರದ ಶಿರಪುರದಲ್ಲಿ. ಆ ಚರಾಕ್ಷರಗಳಲ್ಲಿ ಗುರುತ್ವ ಮೇಲ್ನೋಟಕ್ಕೆ ಪರಮಾಣು ಬೀಜದ ಬಲಗಳ ಕ್ಷೇತ್ರದಂತೆಯೇ ಕಾಣುತ್ತದೆ, ಆದ್ದರಿಂದ ಕುಣಿಕೆಗಳನ್ನು ಇಲ್ಲಿಯೂ ಬಳಸಬಹುದು. ಕಾರ್ಲೋ ರೊವೆಲ್ಲಿ ಮತ್ತು ಲೀ ಸ್ಮೋಲಿನ್ 1988ರಲ್ಲಿ ಗಮನಿಸಿದ್ದು ಇದು: ಅವಕಾಶದ ಬಿಂದುಗಳ ಹೆಸರು ಬದಲಿಸಿದರೂ ಭೌತಶಾಸ್ತ್ರ ಬದಲಾಗಬಾರದು ಎಂಬ ನಿಯಮವನ್ನು ಕುಣಿಕೆಗಳ ಮೇಲೆ ಹೇರಿದರೆ, ಕುಣಿಕೆಯ ಆಕಾರ ಅಳಿಸಿಹೋಗಿ ಅದರ ಗಂಟು ಮಾತ್ರ ಉಳಿಯುತ್ತದೆ. ಗುರುತ್ವದ ಕ್ವಾಂಟಮ್ ಸ್ಥಿತಿಗಳಿಗೆ ಗಂಟುಗಳೇ ಹೆಸರಾದವು. ಇಲ್ಲೊಂದು ಎಚ್ಚರ ಬೇಕು. ವಿಟ್ಟನ್ ಅವರ ಗಂಟು ಅವಕಾಶ-ಕಾಲ ಎರಡೂ ಸೇರಿದ ಮೂರು ಆಯಾಮದಲ್ಲಿ ಇತ್ತು. ಇಲ್ಲಿನ ಗಂಟು ಇರುವುದು ಒಂದು ಕ್ಷಣದ ಅವಕಾಶದಲ್ಲಿ, ಅದು ತಾನೇ ಮೂರು ಆಯಾಮದ್ದು. ನಾಲ್ಕು ಆಯಾಮದಲ್ಲಿ ದಾರದ ಗಂಟು ನಿಲ್ಲುವುದೇ ಇಲ್ಲ. ಇನ್ನೊಂದು ದಿಕ್ಕಿಗೆ ತುಸು ಸರಿಸಿ ದಾಟಿಸಿದರೆ ಯಾವ ಗಂಟೂ ಬಿಚ್ಚಿಕೊಳ್ಳುತ್ತದೆ. ಹೀಗೆ ಒಂದೇ ಗಣಿತ ಎರಡು ಬೇರೆ ಬೇರೆ ಕೆಲಸಗಳಿಗೆ ಬಂದಿದೆ.

ಬಿಡಿ ಕುಣಿಕೆಗಳು ಸಾಲುವುದಿಲ್ಲ ಎಂಬುದು ಬೇಗನೆ ತಿಳಿಯಿತು. ಒಂದನ್ನೊಂದು ಮುಟ್ಟದ ಕುಣಿಕೆಗಳಿಂದ ಕಟ್ಟಿದ ಅವಕಾಶಕ್ಕೆ ಗಾತ್ರವೇ ಇರುವುದಿಲ್ಲ. ಎಳೆಗಳು ಸಂಧಿಸಬೇಕು. ಆದ್ದರಿಂದ ಪೆನ್‌ರೋಸ್ ಹಿಂದೆಯೇ ಸೂಚಿಸಿದ್ದ ಸ್ಪಿನ್ ಜಾಲಗಳನ್ನು ತಂದರು: ಎಳೆಗಳ ಮೇಲೆ ಸ್ಪಿನ್ ಸಂಖ್ಯೆಗಳು, ಎಳೆಗಳು ಕೂಡುವಲ್ಲಿ ಗಾತ್ರ. 1995ರಲ್ಲಿ ರೊವೆಲ್ಲಿ ಮತ್ತು ಸ್ಮೋಲಿನ್, ಈ ಸಿದ್ಧಾಂತದಲ್ಲಿ ಕ್ಷೇತ್ರಫಲ ಮತ್ತು ಗಾತ್ರ ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಏರುತ್ತವೆ ಎಂದು ಲೆಕ್ಕ ಹಾಕಿದರು. ಕ್ಷೇತ್ರಫಲದ ಮೆಟ್ಟಿಲಿನ ಅಳತೆ ಪ್ಲಾಂಕ್ ಉದ್ದದ, ಅಂದರೆ 1.6 × 10⁻³⁵ ಮೀಟರ್‌ನ, ವರ್ಗದ ಆಸುಪಾಸಿನದು. ಇಂಥ ಎಳೆಗಳನ್ನು ದಟ್ಟವಾಗಿ ಹೆಣೆದರೆ ದೂರದಿಂದ ನಯವಾದ ಅವಕಾಶದಂತೆ ಕಾಣುತ್ತದೆ ಎಂಬ ನೇಯ್ಗೆಯ ಚಿತ್ರವನ್ನು ಅಶ್ತೇಕರ್, ರೊವೆಲ್ಲಿ, ಸ್ಮೋಲಿನ್ 1992ರಲ್ಲೇ ಮುಂದಿಟ್ಟಿದ್ದರು. ನಿಮ್ಮ ಕಿವಿಗೆ ಬಿದ್ದದ್ದು ಅದೇ. ಅದೊಂದು ಸಿದ್ಧಾಂತದ ಒಳಗಿನ ಫಲಿತ. ಪ್ರಯೋಗ ಅದನ್ನು ಮುಟ್ಟಿಲ್ಲ. ಆ ಜಾಲ ಕಾಲದಲ್ಲಿ ಹೇಗೆ ಬದಲಾಗುತ್ತದೆ, ದೊಡ್ಡ ಅಳತೆಯಲ್ಲಿ ಐನ್‌ಸ್ಟೈನ್ ಸಮೀಕರಣ ಅದರಿಂದ ಹೇಗೆ ಹೊರಬರುತ್ತದೆ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ಇದಕ್ಕೆ ಪೂರ್ತಿ ಬೇರೆಯಾದ ಸ್ಟ್ರಿಂಗ್ ಸಿದ್ಧಾಂತದ ದಾರಿಯೂ ಇದೆ ಎಂಬುದನ್ನು ಮರೆಯಬಾರದು.

ಜೋನ್ಸ್ ಬಹುಪದೋಕ್ತಿಯೇ ನಾಲ್ಕು ಆಯಾಮದ ಗುರುತ್ವದಲ್ಲಿ ನೇರವಾಗಿ ತಲೆ ಎತ್ತಿದ ಜಾಗವೊಂದಿದೆ. 1990ರಲ್ಲಿ ಹಿಡಿಯೋ ಕೊಡಾಮಾ, ಖಾಲಿ ಅವಕಾಶದ ಶಕ್ತಿಯನ್ನು ಸೂಚಿಸುವ ವಿಶ್ವಸ್ಥಿರಾಂಕ ಸೊನ್ನೆಯಲ್ಲದಿದ್ದಾಗ ಗುರುತ್ವದ ಎಲ್ಲ ಕ್ವಾಂಟಮ್ ನಿರ್ಬಂಧಗಳನ್ನೂ ಪಾಲಿಸುವ ಒಂದು ಸ್ಥಿತಿ ಬರೆದರು. ಅದು ಚೆರ್ನ್-ಸೈಮನ್ಸ್ ರಾಶಿಯ ಘಾತ. ಕುಣಿಕೆಗಳ ಭಾಷೆಗೆ ತಂದರೆ ಜೋನ್ಸ್ ಬಹುಪದೋಕ್ತಿಯ ಬಂಧುವೇ ಸಿಗುತ್ತದೆ. ಹಲವರು ರೋಮಾಂಚನಗೊಂಡರು, ಅದು ಸಹಜವೂ ಹೌದು. ಆದರೆ 2003ರಲ್ಲಿ ವಿಟ್ಟನ್, ಇದೇ ಬಗೆಯ ಸ್ಥಿತಿ ಪರಮಾಣು ಬೀಜದ ಬಲಗಳನ್ನು ವಿವರಿಸುವ ಯಾಂಗ್-ಮಿಲ್ಸ್ ಸಿದ್ಧಾಂತದಲ್ಲೂ ಇದೆ, ಅಲ್ಲಿ ಅದಕ್ಕೆ ಸಂಭವನೀಯತೆಯ ಅರ್ಥ ಕೊಡಲಾಗದು, ಋಣ ಶಕ್ತಿಯ ಕಣಗಳೂ ಬರುತ್ತವೆ ಎಂದು ತೋರಿಸಿದರು. ಅದರಿಂದ ಆ ಸ್ಥಿತಿಯನ್ನು ವಿಶ್ವದ ನಿಜವಾದ ಸ್ಥಿತಿ ಎನ್ನುವ ಧೈರ್ಯ ಕುಗ್ಗಿತು.

ನಾಲ್ಕು ಆಯಾಮದಲ್ಲಿ ಚೆರ್ನ್-ಸೈಮನ್ಸ್ ನಿಜವಾಗಿ ದುಡಿಯುತ್ತಿರುವುದು ಕಪ್ಪುಕುಳಿಯ ಅಂಚಿನಲ್ಲಿ ಎಂದು ನನ್ನ ಅಭಿಪ್ರಾಯ. ಕಪ್ಪುಕುಳಿಯ ಅಂಚು ಎರಡು ಆಯಾಮದ ಮೇಲ್ಮೈ, ಕಾಲ ಸೇರಿದರೆ ಮೂರು. ಅಲ್ಲಿ ಚೆರ್ನ್-ಸೈಮನ್ಸ್‌ಗೆ ತಕ್ಕ ಜಾಗವಿದೆ. ಸ್ಪಿನ್ ಜಾಲದ ಎಳೆಗಳು ಹೊರಗಿನಿಂದ ಬಂದು ಈ ಅಂಚನ್ನು ಚುಚ್ಚುತ್ತವೆ. ಚುಚ್ಚಿದ ಗೋಳದ ಮೇಲೆ ಎಷ್ಟು ಕ್ವಾಂಟಮ್ ಸ್ಥಿತಿಗಳು ಸಾಧ್ಯ ಎಂಬ ಎಣಿಕೆ, ಅತಿಯಾ ಹೇಳಿದ ವೆಕ್ಟರ್ ಸ್ಪೇಸ್‌ನ ಆಯಾಮವೇ. 1998ರಲ್ಲಿ ಅಶ್ತೇಕರ್, ಬಾಯೆಜ್, ಕೊರಿಚಿ, ಕ್ರಾಸ್ನೋವ್ ಹೀಗೆ ಎಣಿಸಿ, ಕಪ್ಪುಕುಳಿಯ ಎಂಟ್ರೊಪಿ, ಅಂದರೆ ಸಾಧ್ಯ ಸ್ಥಿತಿಗಳ ಎಣಿಕೆಯ ಲಾಗರಿದಮ್, ಅಂಚಿನ ಕ್ಷೇತ್ರಫಲಕ್ಕೆ ಅನುಪಾತವಾಗಿದೆ ಎಂಬ ಬೆಕೆನ್‌ಸ್ಟೈನ್-ಹಾಕಿಂಗ್ ನಿಯಮವನ್ನು ಪಡೆದರು. ಅನುಪಾತದ ಸಂಖ್ಯೆ ನಾಲ್ಕನೇ ಒಂದು ಬರಬೇಕಾದರೆ ಸಿದ್ಧಾಂತದ ಒಂದು ಸ್ಥಿರಾಂಕವನ್ನು ಹೊಂದಿಸಿಕೊಳ್ಳಬೇಕಾಯಿತು ಎಂಬುದನ್ನೂ ಹೇಳಬೇಕು. 2000ದಲ್ಲಿ ಕೌಲ್ ಮತ್ತು ಪಾರ್ಥಸಾರಥಿ ಮಜುಂದಾರ್ ಅದೇ ಎಣಿಕೆಯನ್ನು ಮುಂದುವರಿಸಿ, ಮುಂದಿನ ತಿದ್ದುಪಡಿ ಕ್ಷೇತ್ರಫಲದ ಲಾಗರಿದಮ್‌ನ −3/2 ಪಟ್ಟು ಎಂದು ಕಂಡುಕೊಂಡರು. ಚೆನ್ನೈನಲ್ಲಿ ಗಂಟು ಎಣಿಸಿದ ಕೌಲ್ ಅವರೇ ಇವರು. ಗಂಟಿನ ಕೈಚಳಕ ಕಪ್ಪುಕುಳಿಗೆ ನೆರವಾದ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಕಾಣದು.

ಪ್ರಾಜೆಕ್ಟ್‌ಗೆ ತೆಗೆದುಕೊಳ್ಳಿ, ಖಂಡಿತ ತೆಗೆದುಕೊಳ್ಳಿ. ಆದರೆ ಶೀರ್ಷಿಕೆಯಲ್ಲಿ ಕ್ವಾಂಟಮ್ ಗುರುತ್ವ ಎಂದು ಬರೆಯಬೇಡಿ. ಬಿ.ಎಸ್ಸಿ. ಮಟ್ಟದಲ್ಲಿ ಅದು ಬೇರೆಯವರ ವಾಕ್ಯಗಳನ್ನು ಸೇರಿಸಿಟ್ಟ ವರದಿಯಾಗುತ್ತದೆ. ಗಂಟುಗಳ ಬಗ್ಗೆಯಾದರೆ ಪ್ರತಿ ಸಾಲನ್ನೂ ನೀವೇ ಸಾಧಿಸಬಹುದು. ಮುಂದೆ ಇದೇ ದಾರಿಯಲ್ಲಿ ಹೋಗುವ ಮನಸ್ಸಿದ್ದರೆ ರೇಖೀಯ ಬೀಜಗಣಿತ ಮತ್ತು ಸಮೂಹ ಸಿದ್ಧಾಂತವನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ಎಂ.ಎಸ್ಸಿ.ಗೆ ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವೂ ಇದೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಗಣಿತ ತೆಗೆದುಕೊಂಡರೆ ಟೋಪಾಲಜಿಯ ಪತ್ರಿಕೆಯನ್ನು, ಭೌತಶಾಸ್ತ್ರ ತೆಗೆದುಕೊಂಡರೆ ಕ್ವಾಂಟಮ್ ಯಂತ್ರಶಾಸ್ತ್ರದ ಕೋನೀಯ ಆವೇಗದ ಅಧ್ಯಾಯವನ್ನು ಪರೀಕ್ಷೆಗಷ್ಟೇ ಓದಿ ಬಿಡಬೇಡಿ. ಪೊಂಜಾನೋ-ರೆಜ್ಜೆ ಲೆಕ್ಕಕ್ಕೆ ಬೇಕಾದದ್ದು ಆ ಅಧ್ಯಾಯದಲ್ಲಿ ಸ್ಪಿನ್‌ಗಳನ್ನು ಕೂಡಿಸುವ ವಿದ್ಯೆಯೇ.

ಪ್ರಾಜೆಕ್ಟ್‌ನ ಕೊನೆಯ ಅಧ್ಯಾಯಕ್ಕೆ ಒಂದು ಪ್ರಶ್ನೆ ಕೊಡುತ್ತೇನೆ. ಟ್ರೆಫಾಯಿಲ್‌ನ ಜೋನ್ಸ್ ಬಹುಪದೋಕ್ತಿಯಲ್ಲಿ ಟಿ = −1 ಹಾಕಿ: −1 − 1 − 1, ಅಂದರೆ −3. ಚಿಹ್ನೆ ಬಿಟ್ಟರೆ ಮೂರು, ಮತ್ತು ಅದಕ್ಕೆ ಮೂರು ಬಣ್ಣ ಹಚ್ಚಲು ಬಂದಿತ್ತು. ಎಂಟರ ಗಂಟಿನಲ್ಲಿ ಟಿ = −1 ಹಾಕಿದರೆ 1 + 1 + 1 + 1 + 1, ಅಂದರೆ ಐದು. ಈಗ ಬಣ್ಣಗಳ ಬದಲು 0, 1, 2, 3, 4 ಎಂಬ ಐದು ಸಂಖ್ಯೆಗಳನ್ನು ತೆಗೆದುಕೊಳ್ಳಿ. ನಿಯಮ ಹೀಗಿರಲಿ: ಪ್ರತಿ ದಾಟಿನಲ್ಲಿ ಮೇಲಿನ ಎಳೆಯ ಸಂಖ್ಯೆಯ ಎರಡರಷ್ಟು, ಕೆಳಗಿನ ಎರಡು ತುಂಡುಗಳ ಸಂಖ್ಯೆಗಳ ಮೊತ್ತಕ್ಕೆ ಸಮವಾಗಿರಬೇಕು, ಐದರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡಬೇಕು. ಐದರ ಬದಲು ಮೂರರಿಂದ ಭಾಗಿಸಿದರೆ ಇದು ನಮ್ಮ ಮೂರು ಬಣ್ಣದ ನಿಯಮವೇ ಎಂಬುದನ್ನು ಮೊದಲು ಪರೀಕ್ಷಿಸಿ. ಆಮೇಲೆ ಎಂಟರ ಗಂಟಿನ ನಾಲ್ಕು ತುಂಡುಗಳಿಗೆ ಸಂಖ್ಯೆ ಹಚ್ಚಿ. ಮೂರು ಬಣ್ಣ ಸೋತಲ್ಲಿ ಐದು ಗೆಲ್ಲುತ್ತದೆ. ಏಕೆ ಗೆಲ್ಲುತ್ತದೆ ಎಂಬುದನ್ನು ನಾಲ್ಕು ಸಮೀಕರಣಗಳ ಮ್ಯಾಟ್ರಿಕ್ಸ್ ಬರೆದು ಸಾಧಿಸಿ, ಬರೆದದ್ದನ್ನು ನನಗೆ ಕಳಿಸಿ.